ಎರಡು ಕಾಲಿನ ಪಾರ್ಟು

ನಮ್ಮ ಮನೆಯಲ್ಲಿ ಕಾಲು ಅನ್ನುವ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಮಂಚದ ಕಾಲು ಸಡಿಲಾದರೆ ಅವ್ವ ಮಂಚ ವಾಲಿದೆ ಅನ್ನುತ್ತಿದ್ದಳು. ನಾನು ಎಡವಿ ಬಿದ್ದು ಅಳುತ್ತ ಬಂದರೆ ಎಲ್ಲಿ ಪೆಟ್ಟಾಗಿದೆ ಎಂದು ಕೇಳುತ್ತಿದ್ದಳೇ ಹೊರತು, ಯಾವ ಕಾಲಿಗೆ ಎಂದು ಕೇಳುತ್ತಿರಲಿಲ್ಲ. ಕಾರಣ ನಮ್ಮ ದೊಡ್ಡಪ್ಪ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಲಡಾಯಿಯಲ್ಲಿ, ನೆಲದಲ್ಲಿ ಹೂತಿಟ್ಟ ಬಾಂಬಿನ ಮೇಲೆ ಅವನ ಹೆಜ್ಜೆ ಬಿದ್ದಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಮಿಲಿಟರಿಯವರು ಪುಣೆಯಲ್ಲಿ ಮಾಡಿಸಿಕೊಟ್ಟ ಕಾಲಿಗೆ ಸದಾ ಒಂದು ಕಂದು ಕಾಲುಚೀಲ, ಅದರ ಮೇಲೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಕರಿಬೂಟು. ನಾವೆಲ್ಲ ಅದನ್ನು ಬೂಟು ಎಂದೇ ಕರೆಯುತ್ತಿದ್ದೆವು. "ನೀಲಾ, ದೊಡ್ಡಪ್ಪನ ಬೂಟು ಕೊಟ್ಟ ಬಾ" ಎಂದು ಅವ್ವ ಬೆಳಿಗ್ಗೆ ಕೂಗಿದರೆ ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅವನ ಮಂಚದ ಬಳಿ ಇಟ್ಟು, ಹಿಂದಿರುಗಿ ನೋಡದೆ ಬಂದುಬಿಡುತ್ತಿದ್ದೆ. ಅಷ್ಟು ಭಾರದ ಬೂಟು ಲೋಕದಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ ಎನ್ನುವುದು ನನಗೆ ಹನ್ನೊಂದು ವರ್ಷವಾಗುವವರೆಗೂ ಹೊಳೆದಿರಲಿಲ್ಲ.

ಬೈಲಹೊಂಗಲದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೊಡ್ಡಪ್ಪನ ಕೋಣೆ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ, ಹಿಂದೆ ಬೇವಿನ ಮರವಿದ್ದ ಹಿತ್ತಲು. ದೊಡ್ಡಪ್ಪನ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಒಂದು ರೇಡಿಯೊ. ಹಾಸಿಗೆಯ ಮೇಲೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಅವನು ಮದುವೆಯಾಗಿರಲಿಲ್ಲ. ದೊಡವಾಡದ ಕಡೆ ಒಂದು ಹೆಣ್ಣು ಗೊತ್ತಾಗಿತ್ತಂತೆ, ಅವನು ಆಸ್ಪತ್ರೆಯಿಂದ ಬಂದ ಮೇಲೆ ಅವರ ಕಡೆಯಿಂದ ಯಾರೂ ಬರಲಿಲ್ಲವಂತೆ. ಅದನ್ನೂ ಯಾರೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು ಅವನು ಲಿಂಗಪೂಜೆಗೆ ಕುಳಿತನೆಂದರೆ ಇಡೀ ಮನೆ ಉಸಿರು ಬಿಗಿಹಿಡಿದಂತೆ ಇರುತ್ತಿತ್ತು. ಆ ಮೌನ ಒಡೆಯುವುದು ಬಚ್ಚಲುಮನೆಯಿಂದ. ಅಲ್ಲಿ ಅಪ್ಪ ಮೈಮೇಲೆ ನೀರು ಸುರಿದುಕೊಳ್ಳುತ್ತ, "ಎಲವೋ ದುರುಳಾ, ನಿನ್ನ ಕತ್ತಿ ಎಲ್ಲಿ?" ಎಂದು ತಂಬಿಗೆಯನ್ನೇ ಗುರಾಣಿ ಮಾಡಿಕೊಂಡು ಗರ್ಜಿಸುತ್ತಿದ್ದ.

ಅಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ಆದರೆ ಅದು ಹೊಟ್ಟೆಪಾಡಿನ ಮಾತು. ಅವನ ಮನಸ್ಸಿನಲ್ಲಿ ಅವನು ನಟ. ಸುತ್ತಲಿನ ಹಳ್ಳಿಗಳಲ್ಲಿ ನಾಟಕವಾದರೆ ರಾಜ, ಸಾಹುಕಾರ, ಕುಡುಕ, ಯಾವುದಿದ್ದರೂ ಸರಿ, ಬಣ್ಣ ಹಚ್ಚಿಕೊಂಡು ನಿಲ್ಲುತ್ತಿದ್ದ. ಅಳುವ ಪಾರ್ಟು ಅವನಿಗೆ ಬಲು ಪ್ರೀತಿ. ಅವನು ಅತ್ತರೆ ಮುಂದಿನ ಸಾಲಿನ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರಿಬ್ಬರೂ ರಾತ್ರಿ ಎದುರುಬದುರು ಊಟಕ್ಕೆ ಕೂತರೆ ನನಗೆ ನಗು ಬರುತ್ತಿತ್ತು. ದೊಡ್ಡಪ್ಪ ರೊಟ್ಟಿಯನ್ನು ನಾಲ್ಕು ಸಮ ತುಂಡು ಮಾಡಿ, ಒಂದೊಂದಕ್ಕೆ ಇಷ್ಟಿಷ್ಟೇ ಬದನೆಕಾಯಿ ಎಣಗಾಯಿ ಹಚ್ಚಿ ತಿನ್ನುವವನು. ಅಪ್ಪ ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎಲ್ಲವನ್ನೂ ಒಂದೇ ರೊಟ್ಟಿಯ ಮೇಲೆ ಪೇರಿಸಿ, ತುಂಬಿದ ಬಾಯಲ್ಲೇ ಆ ದಿನ ಬಸ್ಸಿನಲ್ಲಿ ನಡೆದ ಕಥೆಯನ್ನು ಮೂರು ಜನರ ದನಿಯಲ್ಲಿ ಹೇಳುವವನು.

"ಉಣ್ಣು ಮೊದಲ. ನಿನ್ನ ಬಾಯಾಗ ರೊಟ್ಟಿ ಐತೋ ನಾಟಕ ಕಂಪನಿ ಐತೋ?" ಎಂದು ದೊಡ್ಡಪ್ಪ ಗದರುತ್ತಿದ್ದ.

ಹೀಗಿರುವಾಗ ಒಂದು ವರ್ಷ ಗಡಿಯಲ್ಲಿ ಮತ್ತೆ ಲಡಾಯಿ ನಡೆಯಿತು. ಟೀವಿ ಇದ್ದವರ ಮನೆ ಮುಂದೆಲ್ಲ ಜನ. ದೊಡ್ಡಪ್ಪ ಮಾತ್ರ ತನ್ನ ಕೋಣೆಯಲ್ಲಿ ರೇಡಿಯೊ ಕಿವಿಗೆ ಹಚ್ಚಿಕೊಂಡು ಕೂತು, ಯಾರಾದರೂ ಬಂದರೆ ಆರಿಸಿಬಿಡುತ್ತಿದ್ದ. ಲಡಾಯಿ ಮುಗಿದ ಮೇಲೆ ಸೈನಿಕರ ಕಥೆಯ ಸಿನಿಮಾ ತೆಗೆಯುವವರು ಹೆಚ್ಚಾದರು. ಅಂಥವರಲ್ಲೊಬ್ಬರ ಸಹಾಯಕ, ಬೆಂಗಳೂರಿನ ತರುಣ, ಶೂಟಿಂಗಿಗೆ ಜಾಗ ಹುಡುಕುತ್ತ ನಮ್ಮ ಸೀಮೆಗೆ ಬಂದಿದ್ದ. ಯರಗಟ್ಟಿ ಮೇಲೆ ರಾಮದುರ್ಗಕ್ಕೆ ಹೋಗುವ ಅಪ್ಪನ ಬಸ್ಸನ್ನೇ ಅವನು ಹತ್ತಿದ. ಅವತ್ತು ಇಬ್ಬರು ಹೆಂಗಸರು ಕಿಟಕಿಯ ಸೀಟಿಗಾಗಿ ಜುಟ್ಟು ಹಿಡಿಯುವ ಮಟ್ಟಕ್ಕೆ ಹೋಗಿದ್ದರು. ಅಪ್ಪ ಟಿಕೀಟಿನ ಚೀಲವನ್ನು ಹೆಗಲ ಹಿಂದಕ್ಕೆ ತಳ್ಳಿ, ಎದೆ ಉಬ್ಬಿಸಿ, ನಾಟಕದ ರಾಜನ ದನಿಯಲ್ಲಿ ತೀರ್ಪು ಕೊಟ್ಟನಂತೆ:

"ಯಾರಲ್ಲಿ! ಈ ಕಿಟಕಿಯ ಸಾಮ್ರಾಜ್ಯವನ್ನು ಎರಡು ಭಾಗ ಮಾಡಿದ್ದೇವೆ. ಯರಗಟ್ಟಿಯವರೆಗೆ ಈ ತಾಯಿಯ ಆಳ್ವಿಕೆ, ಅಲ್ಲಿಂದ ರಾಮದುರ್ಗದವರೆಗೆ ಆ ತಾಯಿಯ ಆಳ್ವಿಕೆ! ದಂಗೆ ಎದ್ದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಲಾಗುವುದು!"

ಬಸ್ಸೆಲ್ಲ ಚಪ್ಪಾಳೆ. ಜಗಳವಾಡಿದವರೂ ನಕ್ಕರು. ಆ ತರುಣ ಇಳಿಯುವಾಗ ಅಪ್ಪನ ಹೆಸರು, ಊರು ಬರೆದುಕೊಂಡು ಹೋದ. ಹದಿನೈದು ದಿನಕ್ಕೆ ಕರೆ ಬಂತು. ಅಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸವದತ್ತಿಗೆ ಹೋದ. ನಿರ್ದೇಶಕರು ಅಲ್ಲಿ ಇಳಿದುಕೊಂಡಿದ್ದರು. ಮರುದಿನ ಭಾನುವಾರ, ಎಲ್ಲರೂ ಊಟಕ್ಕೆ ಕೂತಾಗ, ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಪುರಸೊತ್ತಿಲ್ಲದೆ ಒಳಗೆ ಬಂದು ಕೂಗಿದ:

"ಸಿಕ್ತು! ಸಿನಿಮಾದಾಗ ಪಾರ್ಟ್ ಸಿಕ್ತು! ಹೀರೋನ ಅಣ್ಣಂದು. ನಾಕು ಸೀನ್ ಐತಿ. ಲಡಾಯ್ಯಾಗ ಕಾಲು ಹೋದ ಕುಂಟ ಸಿಪಾಯಿ ಪಾರ್ಟ್!"

ಕಾಲು, ಕುಂಟ, ಆ ಎರಡು ಶಬ್ದಗಳು, ನಮ್ಮ ಮನೆಯಲ್ಲಿ ಎಂದೂ ಕೇಳದ ಶಬ್ದಗಳು, ನಡುಮನೆಯಲ್ಲಿ ನಿಂತುಬಿಟ್ಟವು. ಅವ್ವನ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬೀಳಲಿಲ್ಲ. ಅಪ್ಪನಿಗೆ ತಾನೇನು ಅಂದೆ ಎನ್ನುವುದು ಆಗ ಹೊಳೆಯಿತು, ಅವನ ಬಾಯಿ ಅರ್ಧ ತೆರೆದೇ ಉಳಿಯಿತು. ದೊಡ್ಡಪ್ಪ ರೊಟ್ಟಿಯ ಉಳಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಗೋಡೆ ಹಿಡಿದು ಎದ್ದ.

"ಹೊಟ್ಟಿ ತುಂಬಿತು ಗಂಗವ್ವಾ" ಎಂದು ಅವ್ವನಿಗೆ ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಅವ್ವ ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು:

"ನಿಮ್ಮ ಬಸ್ಸಿಗರೆ ಬ್ರೇಕ್ ಐತಿ. ನಿಮ್ಮ ನಾಲಿಗಿಗೆ ಇಲ್ಲ ನೋಡ್ರಿ."

ಮೂರು ದಿನ ದೊಡ್ಡಪ್ಪನ ತಾಟು ಅವನ ಕೋಣೆಗೇ ಹೋಯಿತು. ಒಯ್ದುಕೊಡುವವಳು ನಾನು. ಅಪ್ಪ ಪ್ರತಿ ಸಲವೂ ನನ್ನನ್ನು ತಡೆದು, "ಏನರೆ ಅಂದನೇನ? ಮಾರಿ ಹೆಂಗಿತ್ತು?" ಎಂದು ಕೇಳುತ್ತಿದ್ದ. ಮುಖ ಯಾವಾಗಲೂ ಇರುವ ಹಾಗೇ ಇತ್ತು, ಅದೇ ತೊಂದರೆ. ಅಪ್ಪನಿಗೆ ನಿಜವಾಗಿ ಸಂಕಟವಾಗಿತ್ತು. ಆದರೆ ಪಾರ್ಟು ಬಿಡುತ್ತೇನೆ ಎಂದು ಮಾತ್ರ ಅವನು ಒಂದು ಸಲವೂ ಅನ್ನಲಿಲ್ಲ. ಇಪ್ಪತ್ತು ವರ್ಷದಿಂದ ಕಾದ ಮನುಷ್ಯ. ಬಡಿಗೇರನ ಹತ್ತಿರ ಹೋಗಿ ಬಗಲಿಗೆ ಸಿಗಿಸಿಕೊಳ್ಳುವ ಊರುಗೋಲು ಮಾಡಿಸಿಕೊಂಡು ಬಂದ. ಕೋಣೆಯ ಕಿಟಕಿಗೆ ಕಾಣದ ಹಾಗೆ ಹಿತ್ತಲಿನ ಮೂಲೆಗೆ ಹೋಗಿ, ಅವ್ವನ ಹಳೆ ಸೀರೆಯಿಂದ ಬಲಗಾಲನ್ನು ಹಿಂದಕ್ಕೆ ಮಡಚಿ ಕಟ್ಟಿಸಿಕೊಂಡ. ಕಟ್ಟಿದವಳೂ ನಾನೇ. ಮೊದಲ ದಿನ ಬೇವಿನ ಮರಕ್ಕೆ ಹಾಯ್ದ. ಎರಡನೆಯ ದಿನ ಎಮ್ಮೆಗೆ ಹಾಯ್ದ. ಮೂರನೆಯ ದಿನ ಅವ್ವ ಎರಡು ಹಗ್ಗದ ಹೊರಸಿನ ಮೇಲೆ ಶಾವಿಗೆ ಒಣಹಾಕಿದ್ದಳು. ಬೆಳಗಿನಿಂದ ನಾಲ್ಕು ಹೆಂಗಸರು ಕೂತು ಹೊಸೆದ, ಕೂದಲೆಳೆಯಂಥ ಶಾವಿಗೆ. ಅಪ್ಪ ಕುಪ್ಪಳಿಸುತ್ತ ಬಂದ, ಊರುಗೋಲು ಜಾರಿತು, ತೋಳು ಚಾಚಿ ಅಷ್ಟೂ ಶಾವಿಗೆಯನ್ನು ಅಪ್ಪಿಕೊಂಡು ಹೊರಸಿನ ಸಮೇತ ಉರುಳಿದ. ಎದ್ದು ಕೂತಾಗ ತಲೆ, ಮೀಸೆ, ಕಿವಿಗಳಲ್ಲೆಲ್ಲ ಶಾವಿಗೆ.

"ಅಯ್ಯ ನನ್ನ ಶಿವನ!" ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಓಡಿ ಬಂದಳು. "ಇನ್ನೊಂದೂ ಮುರೀತೇನಿ ನಿಂದ್ರಿ! ಆವಾಗ ಪಾರ್ಟ್ ಇನ್ನೂ ಚಲೋ ಆಕ್ಕೈತಿ!"

ಆಗ ಒಂದು ನಗು ಕೇಳಿಸಿತು. ಮೊದಲಿಗೆ ಅದು ಯಾರದೆಂದು ನಮಗೆ ಗೊತ್ತಾಗಲಿಲ್ಲ, ಯಾಕೆಂದರೆ ಆ ನಗುವನ್ನು ನಾವು ಯಾರೂ ಕೇಳಿರಲಿಲ್ಲ. ಹಿತ್ತಲಿನ ಬಾಗಿಲಲ್ಲಿ ದೊಡ್ಡಪ್ಪ ಚೌಕಟ್ಟು ಹಿಡಿದು ನಿಂತಿದ್ದ. ಹೊಟ್ಟೆ ಕುಣಿಯುವಂತೆ ನಗುತ್ತಿದ್ದ, ಕಣ್ಣಲ್ಲಿ ನೀರು ಬಂದಿತ್ತು.

"ಈರ್ಯಾ, ಅದೇನೋ ಅದು? ಕಾಲು ಕಟ್ಟಿದ ಕೋಳಿ ಹಂಗ ಕುಣ್ಯಾಕತ್ತೀಯಲ್ಲೋ. ಹಂಗ ಯಾವ ಮನಶ್ಯಾ ನಡೀತಾನ?"

ಕಾಲು ಎಂದು ಅವನೇ ಅಂದಿದ್ದ. ಅಪ್ಪ ಮೀಸೆಯಿಂದ ಶಾವಿಗೆ ತೆಗೆಯುತ್ತ, ಸಾಲೆಯ ಹುಡುಗನ ಹಾಗೆ ಕೇಳಿದ:

"ಮತ್ತ ಹೆಂಗ ನಡೀತಾನಣ್ಣಾ?"

ದೊಡ್ಡಪ್ಪ ಚೌಕಟ್ಟಿನಿಂದ ಕೈ ತೆಗೆದ. ಆಮೇಲೆ ಮೆಟ್ಟಿಲಿಳಿದು ಬಂದು ಒಗೆಯುವ ಕಲ್ಲಿನ ಮೇಲೆ ಕೂತು, ಬಲಗಡೆಯ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ. ಚರ್ಮದ ಪಟ್ಟಿಯ ಬಕ್ಕಲು ಬಿಚ್ಚಿ, ಬೂಟು ತೊಟ್ಟಿದ್ದ ಆ ಕಾಲನ್ನು ಕಳಚಿ ಪಕ್ಕಕ್ಕೆ ನಿಲ್ಲಿಸಿದ. ಬಿಸಿಲಲ್ಲಿ, ನಮ್ಮೆಲ್ಲರ ಎದುರಿಗೆ. ಕಾಲು ಮುಗಿದ ಕಡೆ ನಾನು ಅಂದುಕೊಂಡಂತೆ ಭಯ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ನಾದಿಟ್ಟ ಹಿಟ್ಟಿನ ಮುದ್ದೆಯ ಹಾಗೆ ದುಂಡಗೆ, ನುಣ್ಣಗೆ ಇತ್ತು, ಅಡ್ಡಕ್ಕೆ ಒಂದು ಹೊಲಿಗೆಯ ಗೆರೆ. ಅಪ್ಪನ ಊರುಗೋಲು ತೆಗೆದುಕೊಂಡು ಬಗಲಿಗೆ ಸಿಗಿಸಿ ಎದ್ದು ನಿಂತ.

"ನೀ ನೆಲಾ ನೋಡಾಕತ್ತಿ, ಅದಕ್ಕ ಬೀಳತಿ. ಆ ಬೇವಿನ ಗಿಡಾ ನೋಡು. ಮೊದಲ ಕೋಲು, ಆಮ್ಯಾಲ ಮೈ, ಕಡೀಕ ಕಾಲು. ಕುಪ್ಪಳಸಬ್ಯಾಡ. ತೂಗಿದಂಗ ಹೋಗಬೇಕು, ನೋಡಿಲ್ಲೆ."

ಅವನು ಹಿತ್ತಲು ದಾಟಿ ಬೇವಿನ ಮರದವರೆಗೆ ಹೋಗಿ ಬಂದ. ಸದ್ದೇ ಇಲ್ಲ. ಪೂಜೆಗೆ ಕೂತಾಗ ಇರುತ್ತಿದ್ದಂಥದ್ದೇ ಗಂಭೀರ ಮುಖ, ನೆಟ್ಟ ಬೆನ್ನು. ನಾನು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ಬೇಡವೆಂದರೂ ಕೇಳಿಬಿಟ್ಟೆ.

"ನೋಯತೈತೇನ ದೊಡ್ಡಪ್ಪಾ?"

"ನೋಯೂದಿಲ್ಲವ್ವಾ. ಕೆರೀತೈತಿ. ಇಲ್ಲದ ಕಾಲಿನ ಅಂಗಾಲು ಕೆರೀತೈತಿ. ಎಲ್ಲಿ ಕೆರಕೋಬೇಕು ಅಂತ ಇಷ್ಟು ವರ್ಷ ಆದ್ರೂ ತಿಳಿದಿಲ್ಲ, ನಿಮ್ಮ ಮಾಸ್ತರನ್ನ ಕೇಳಿ ಬಾ."

ಅವ್ವ ಮುರಿದ ಶಾವಿಗೆ ಬಳಿಯುತ್ತಿದ್ದವಳು ಪಕ್ಕನೆ ನಕ್ಕು, ತಪ್ಪು ಮಾಡಿದವಳಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡಪ್ಪನೂ ನಕ್ಕ. ಅವತ್ತು ಮುರಿದ ಶಾವಿಗೆಗೆ ಹಾಲು, ಬೆಲ್ಲ ಹಾಕಿ ಎಲ್ಲರೂ ನಡುಮನೆಯಲ್ಲಿ ಕೂತು ಉಂಡೆವು.

ಮುಂದಿನ ಇಪ್ಪತ್ತು ದಿನ ನಮ್ಮ ಹಿತ್ತಲು ಸಾಲೆಯಾಯಿತು. ಅಪ್ಪ ಡ್ಯೂಟಿ ಮುಗಿಸಿ ಬಂದ ಕೂಡಲೇ ಚಹಾ ಕುಡಿದು ಕಾಲು ಕಟ್ಟಿಸಿಕೊಂಡು ನಿಲ್ಲಬೇಕು. ದೊಡ್ಡಪ್ಪ ಒಗೆಯುವ ಕಲ್ಲಿನ ಮೇಲೆ ಕೂತು ಹುಕುಂ ಮಾಡಬೇಕು. ಸಂಭಾಷಣೆಯ ಹಾಳೆ ಹಿಡಿದು ಮಾತು ಕೊಡುವುದು ನನ್ನ ಕೆಲಸ. ಮುಂದೆ ನಾಟಕವೇ ನನ್ನ ಬದುಕಾಯಿತು. ದೊಡ್ಡ ಊರುಗಳಲ್ಲಿ, ದೊಡ್ಡ ಗುರುಗಳ ಹತ್ತಿರ ಕಲಿತೆ. ಆದರೆ ನಟನೆಯ ಬಗ್ಗೆ ನನಗೆ ಗೊತ್ತಿರುವ ಮುಖ್ಯವಾದದ್ದನ್ನು ನಾನು ಕಲಿತದ್ದು ಆ ಇಪ್ಪತ್ತು ದಿನಗಳಲ್ಲಿ. ಅದರಲ್ಲೂ ಅವರಿಬ್ಬರೂ ಜಗಳವಾಡಿದ ಒಂದು ಸಂಜೆ.

ಜಗಳ ಎದ್ದದ್ದು ಮೊದಲ ದೃಶ್ಯಕ್ಕೆ. ಸೈನಿಕ ಮನೆಗೆ ಬರುತ್ತಾನೆ, ತಾಯಿಯನ್ನು ನೋಡುತ್ತಾನೆ, ಊರುಗೋಲು ಬಿಸಾಕಿ ಅವಳ ಪಾದದ ಮೇಲೆ ಬಿದ್ದು, "ಅಮ್ಮಾ, ನಿನ್ನ ಮಗ ಇನ್ನು ಯಾವುದಕ್ಕೂ ಬಾರದವನಾದ!" ಎಂದು ಗೋಳಾಡುತ್ತಾನೆ. ಹಾಳೆಯಲ್ಲಿ ಇದ್ದದ್ದು ಹಾಗೆ. ಅಪ್ಪ ಬಿದ್ದು, ಮಣ್ಣಲ್ಲಿ ಹೊರಳಿ, ಮನಸಾರೆ ಅತ್ತ. ನನಗೂ ಅಳು ಬಂತು. ದೊಡ್ಡಪ್ಪ ಮಾತ್ರ ಕೈ ಎತ್ತಿದ.

"ಇದು ಬ್ಯಾಡ."

"ಯಾಕಣ್ಣಾ? ಅಳೂದು ನನ್ನ ಕೈಯಾಗಿನ ವಿದ್ಯಾ. ಮಂದಿ ಹುಚ್ಚೆದ್ದ ಅಳತಾರ."

"ಯಾವುದಕ್ಕೂ ಬಾರದಾಂವ ಅಂತ ಯಾರ ಅಂದ್ರು? ನಾ ಅಂದಿಲ್ಲ. ಬಂದ ಮರುದಿನಾನ ಎಮ್ಮಿ ಹಿಂಡೇನಿ."

"ಅದು ಸಿನಿಮಾ ಅಣ್ಣಾ. ಸಿನಿಮಾದಾಗ ಎಮ್ಮಿ ಹಿಂಡೂದನ್ನ ಯಾರ ನೋಡತಾರ?"

"ಹಂಗಾರ ನನ್ನ ಯಾಕ ಕೇಳತಿ? ಕೋಳಿ ಹಂಗ ಕುಣಿ ಹೋಗು!"

ಇಬ್ಬರ ದನಿಯೂ ಏರಿತು. ಅವ್ವ ಬಾಗಿಲಿಗೆ ಬಂದು ನಿಂತಳು. ಅಪ್ಪ ಕೋಪದಲ್ಲಿ ಸೀರೆಯ ಕಟ್ಟು ಬಿಚ್ಚಿಕೊಳ್ಳುತ್ತ, "ಮತ್ತ ನೀ ಬಂದ ದಿನ ಏನಾತು, ಅದನ್ನರೆ ಹೇಳು. ನಾ ಆಗ ಸಾಲ್ಯಾಗಿದ್ದೆ, ನಾ ನೋಡಿಲ್ಲ. ಮನ್ಯಾಗ ಯಾರೂ ಹೇಳಿಲ್ಲ. ನೀನೂ ಹೇಳಿಲ್ಲ" ಎಂದ.

ದೊಡ್ಡಪ್ಪ ಎಮ್ಮೆಯ ಕಡೆ ತಿರುಗಿ ಕೂತ. ಆಮೇಲೆ ಹೇಳಿದ. ಪುಣೆಯ ಕಾಲು ಇನ್ನೂ ಸಿಕ್ಕಿರಲಿಲ್ಲ, ಅವನು ಊರುಗೋಲಿನ ಮೇಲೆ ಬಂದಾಗ ಅವರ ಅವ್ವ, ಅಂದರೆ ನನ್ನ ಅಜ್ಜಿ, ರೊಟ್ಟಿ ಬಡಿಯುತ್ತಿದ್ದಳಂತೆ. ಕೈಯೆಲ್ಲ ಹಿಟ್ಟು. ಪಡಸಾಲೆಗೆ ಬಂದು ಮಗನನ್ನು ತಲೆಯಿಂದ ಕೆಳಗಿನವರೆಗೆ ನೋಡಿದಳಂತೆ.

"ನೋಡಿ ಏನಂದ್ಲು ಗೊತ್ತೇನು? 'ಒಂದ ಚಪ್ಪಲಿ ಹಾಕ್ಕೊಂಡ ಬಂದೀಯಲ್ಲೋ, ಇನ್ನೊಂದೆಲ್ಲಿ ಕಳಕೊಂಡಿ? ಹೊಸಾವು ಅಲ್ಲೇನ ಅವು?' ಅಂತ ಬೈದ್ಲು. ಆಕಿಗೆ ಕಾಲು ಕಾಣಲೇ ಇಲ್ಲೋ ಈರ್ಯಾ. ಚಪ್ಪಲಿ ಕಂಡ್ತು. ನಾನೂ 'ಹೌದವ್ವಾ, ಬಸ್ಸಿನ್ಯಾಗ ಬಿಟ್ಟೆ' ಅಂದೆ. ಒಳಗ ಹೋಗಿ ಮತ್ತ ರೊಟ್ಟಿ ಬಡ್ಯಾಕ ಕುಂತ್ಲು. ರೊಟ್ಟಿ ಬಡಿಯೂ ಸಪ್ಪಳ ನಡೂವ ನಿಂತಬಿಡ್ತು. ಆಮ್ಯಾಲ ಎಷ್ಟ ಹೊತ್ತಾದ್ರೂ ಸಪ್ಪಳ ಬರಲಿಲ್ಲ. ನಾನೂ ಒಳಗ ಹೋಗಲಿಲ್ಲ."

ಅವ್ವ ಒಳಗೆ ಹೋಗಿ ದೊಡ್ಡಪ್ಪನಿಗೆ ಒಂದು ವಾಟೆ ಚಹಾ ತಂದುಕೊಟ್ಟಳು, ಕೇಳದೆಯೇ ಎರಡು ಚಮಚೆ ಸಕ್ಕರೆ ಹೆಚ್ಚು ಹಾಕಿ. ಅಪ್ಪ ಹಾಳೆಯನ್ನು ನನ್ನ ಕೈಯಿಂದ ಇಸಕೊಂಡು, ಆ ಗೋಳಿನ ಮಾತುಗಳ ಮೇಲೆ ಟಿಕೀಟು ಬರೆಯುವ ಪೆನ್ನಿನಿಂದ ಒಂದು ಗೆರೆ ಎಳೆದ.

ಶೂಟಿಂಗ್ ನಡೆದದ್ದು ಕಿತ್ತೂರಿನಲ್ಲಿ, ಕೋಟೆಯ ಹತ್ತಿರದ ಒಂದು ಹಳೇ ಮನೆಯಲ್ಲಿ. ನಾವು ನಾಲ್ವರೂ ಹೋದೆವು. ಅವ್ವ ಹಿಂದಿನ ದಿನವೇ ಇಪ್ಪತ್ತೈದು ಸಜ್ಜಿರೊಟ್ಟಿ, ಹಿಂಡಿ, ಝುಣಕ ಕಟ್ಟಿಟ್ಟಿದ್ದಳು. ಅಪ್ಪ ನಿರ್ದೇಶಕರ ಮುಂದೆ ನಿಂತು ಚಪ್ಪಲಿಯ ಕಥೆ ಹೇಳಿದ. ಯಾರದೆಂದು ಹೇಳಲಿಲ್ಲ. ನಿರ್ದೇಶಕರು ಸುಮ್ಮನೆ ಕೇಳಿಸಿಕೊಂಡು, ತಾಯಿಯ ಪಾರ್ಟಿನ ಹಿರಿಯ ನಟಿಯನ್ನು ಕರೆದು, ಮೂರು ಸಾಲು ಬರೆದುಕೊಟ್ಟರು. ಆ ದೃಶ್ಯವನ್ನು ಹಾಗೇ ತೆಗೆದರು. ಅಪ್ಪ ಅಳಲಿಲ್ಲ. ಅವನು ಅಳದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನಿಗೆ ಅದೆಷ್ಟು ಕಷ್ಟವಾಯಿತೆಂದು ಅವನ ಕತ್ತಿನ ನರ ನೋಡಿದರೆ ತಿಳಿಯುತ್ತಿತ್ತು.

ಪೇಚಾಟ ಶುರುವಾದದ್ದು ಮಧ್ಯಾಹ್ನ. ಬಿಸಿಲಿಗೆ ಪಟ್ಟಿ ಬಿಗಿಯಾಗಿ, ದೊಡ್ಡಪ್ಪ ಮರದ ನೆರಳಲ್ಲಿ ಕೂತು ಕಾಲು ಕಳಚಿಟ್ಟು ರೊಟ್ಟಿ ತಿನ್ನುತ್ತಿದ್ದ. ಮನೆಯ ಹೊರಗೆ ಅವನು ಹಾಗೆ ಕೂತದ್ದು ಅದೇ ಮೊದಲು. ನಿರ್ದೇಶಕರು ಆ ಕಡೆ ಬಂದವರು ನಿಂತುಬಿಟ್ಟರು. ಕಾಲನ್ನು ನೋಡಿದರು, ದೊಡ್ಡಪ್ಪನ ಮುಖವನ್ನು ನೋಡಿದರು, ಮೀಸೆ ನೋಡಿದರು. ಅವರ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು.

"ಸರ್, ನೀವು ಮಿಲಿಟರಿಯಲ್ಲಿದ್ದವರಾ? ಆ ಚಪ್ಪಲಿಯ ಕಥೆ ನಿಮ್ಮದೇನಾ?" ಎಂದು ಪಕ್ಕದಲ್ಲೇ ಕುಳಿತರು. "ದಯವಿಟ್ಟು ನೀವೇ ಈ ಪಾತ್ರ ಮಾಡಿ. ಈವರೆಗೆ ತೆಗೆದದ್ದು ಒಂದೇ ಸೀನ್, ಮತ್ತೆ ತೆಗೀಬಹುದು. ನಿಜವಾದ ಸೈನಿಕರು, ನಿಜವಾದ... ನಿಮಗೆ ನಟನೆಯೇ ಬೇಡ ಸರ್."

ಅಪ್ಪ ನಾಲ್ಕು ಮಾರು ದೂರದಲ್ಲಿ, ಮಿಲಿಟರಿ ಅಂಗಿ ತೊಟ್ಟು, ಕಾಲು ಕಟ್ಟಿಕೊಂಡೇ ಊರುಗೋಲಿನ ಮೇಲೆ ನಿಂತಿದ್ದ. ಅವನ ಮುಖದ ಬಣ್ಣ ಇಳಿಯಿತು. ಅವ್ವ ಬುತ್ತಿಯ ಅರಿವೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಎಷ್ಟು ನಾಟಕ ಮಾಡಿದ ದನಿ ಅದು, ಆ ಹೊತ್ತು ಒಡೆದು ಬಂತು.

"ಹೌದಣ್ಣಾ. ನೀನ ಮಾಡು. ನಿಂದ ಕಥಿ ಅದು. ನನಗೇನ ಬ್ಯಾಸರಿಲ್ಲ."

ದೊಡ್ಡಪ್ಪ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಬಾಯಿಗಿಟ್ಟು, ಅವಸರವಿಲ್ಲದೆ ಅಗಿದು, ನೀರು ಕುಡಿದ. ಆಮೇಲೆ ನಿರ್ದೇಶಕರ ಕಡೆ ತಿರುಗಿದ.

"ನೋಡ್ರಿ ಸಾಹೇಬ್ರ, ಒಂದ ಕಾಲಿನ ಪಾರ್ಟ್ ನಾ ದಿನಾ ಮಾಡತೇನಿ. ಅದರಾಗ ಆ್ಯಕ್ಟಿಂಗ್ ಏನ ಬಂತು? ನನ್ನ ತಮ್ಮ ಎಮ್ಮಿಗೆ ಹಾಯ್ದಾನ, ಗಿಡಕ್ಕ ಹಾಯ್ದಾನ, ಹೆಂಡ್ತಿ ಕೈಯಾಗ ಬೈಸ್ಕೊಂಡಾನ. ಆ ಪಾರ್ಟ್ ಅವಂದು. ನನಗ ಕೊಡೂದಿದ್ರ ಎರಡು ಕಾಲಿಂದು ಯಾವುದರೆ ಇದ್ರ ಕೊಡ್ರಿ, ಮಾಡತೇನಿ."

ನಿರ್ದೇಶಕರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಯೋಚನೆ ಮಾಡಿದರು. ಸೈನಿಕ ಮನೆ ಸೇರಿದ ಮೇಲೆ ಅವನನ್ನು ಊರ ಅಗಸೆಬಾಗಿಲಲ್ಲಿ ಸನ್ಮಾನಕ್ಕೆ ಎದುರುಗೊಳ್ಳುವ ಹೆಡ್‌ಮಾಸ್ತರರ ಒಂದು ಪಾರ್ಟಿತ್ತು. ಅದನ್ನು ಮಾಡಬೇಕಾದವರು ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಇನ್ನೂ ಬಂದಿರಲಿಲ್ಲ. ಅರ್ಧ ತಾಸಿನಲ್ಲಿ ದೊಡ್ಡಪ್ಪನಿಗೆ ಧೋತರದ ಬದಲು ಪ್ಯಾಂಟೇ ಇರಲೆಂದು ತೀರ್ಮಾನವಾಗಿ, ಕರಿ ಕೋಟು, ಟೊಪ್ಪಿಗೆ, ಕನ್ನಡಕ ಬಂದವು. ಅಪ್ಪ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಟ್ಟು ಬಿಚ್ಚಿ, ಎರಡೂ ಕಾಲ ಮೇಲೆ ಓಡಿಬಂದು ಅಣ್ಣನ ಕೋಟಿನ ಗುಂಡಿ ಹಾಕತೊಡಗಿದ. ಒಂದು ಗುಂಡಿ ತಪ್ಪಾಗಿ ಹಾಕಿದ.

"ಕೈ ಯಾಕ ನಡಗಾಕತ್ತಾವೋ? ಪಾರ್ಟ್ ನಂದೈತಿ, ಅಂಜಿಕಿ ನಿನಗ ಬಂತೇನು?" ಎಂದು ದೊಡ್ಡಪ್ಪ ಬೈದ.

ಹೀಗೆ ಆ ಸಿನಿಮಾದಲ್ಲಿ ಎರಡು ಕಾಲಿನ ತಮ್ಮ ಒಂದು ಕಾಲಿನವನಾಗಿ ಬಂದ, ಒಂದು ಕಾಲಿನ ಅಣ್ಣ ಎರಡು ಕಾಲಿನ ಮಾಸ್ತರನಾಗಿ ಅಗಸೆಯಲ್ಲಿ ನಿಂತು ಅವನನ್ನು ಬರಮಾಡಿಕೊಂಡ. ದೊಡ್ಡಪ್ಪನಿಗಿದ್ದದ್ದು ಒಂದೇ ಮಾತು: "ಬಾ, ಊರು ನಿನ್ನನ್ನ ಕಾಯುತ್ತಿತ್ತು." ಅದನ್ನು ಅವನು ಏಳು ಸಲ ಹೇಳಬೇಕಾಯಿತು, ಯಾಕೆಂದರೆ ಪ್ರತಿ ಸಲವೂ ಮಾತು ಮುಗಿದ ಕೂಡಲೇ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದುಬಿಡುತ್ತಿದ್ದ.

ಸಿನಿಮಾದ ಹೆಸರು ಈಗ ಯಾರಿಗೂ ನೆನಪಿಲ್ಲ. ವರ್ಷದ ಮೇಲೆ ಬಿಡುಗಡೆಯಾಗಿ, ಬೈಲಹೊಂಗಲದ ಟಾಕೀಸಿನಲ್ಲಿ ಒಂಬತ್ತು ದಿನ ಓಡಿತು. ಅಪ್ಪನ ನಾಲ್ಕು ದೃಶ್ಯಗಳಲ್ಲಿ ಎರಡು ಉಳಿದಿದ್ದವು. ಊರವರಿಗೆ ಇಬ್ಬರೂ ಗೊತ್ತಿದ್ದವರೇ ಆದ್ದರಿಂದ ಅಲ್ಲಿ ಸೀಟಿ, ಚಪ್ಪಾಳೆ, "ಕಂಡಕ್ಟರ್, ಟಿಕೀಟ್ ಕೊಡ್ರಿ!" ಎಂಬ ಕೂಗು, ಇದರಲ್ಲೇ ಮುಗಿಯಿತು. ನಿಜವಾಗಿ ನಾವು ಸಿನಿಮಾ ನೋಡಿದ್ದು ರಾಮದುರ್ಗದಲ್ಲಿ. ಅದು ಅವ್ವನ ತವರು. ಪಂಚಮಿಗೆಂದು ಹೋದಾಗ ಅಲ್ಲಿಯ ಟಾಕೀಸಿಗೆ ಅದೇ ಸಿನಿಮಾ ಬಂದಿತ್ತು. ಮಧ್ಯಾಹ್ನದ ಆಟ. ಅವ್ವನ ತವರೂರಾದರೂ ಆ ಆಟಕ್ಕೆ ನಮ್ಮನ್ನು ಬಲ್ಲವರು ಒಬ್ಬರೂ ಬಂದಿರಲಿಲ್ಲ, ಅಂಥ ಜನದ ನಡುವೆ ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಚಪ್ಪಲಿಯ ದೃಶ್ಯ ಬಂದಾಗ ಟಾಕೀಸಿನಲ್ಲಿ ಶೇಂಗಾ ಸುಲಿಯುವ ಸಪ್ಪಳವೂ ನಿಂತಿತು. ಅಪ್ಪ ಪರದೆಯನ್ನು ನೋಡಲಿಲ್ಲ, ಸುತ್ತಲಿನವರ ಮುಖ ನೋಡುತ್ತಿದ್ದ. ದೊಡ್ಡಪ್ಪ ಪರದೆಯನ್ನೇ ನೋಡುತ್ತಿದ್ದ. ಆ ತಾಯಿ ಒಳಗೆ ಹೋಗಿ, ರೊಟ್ಟಿಯ ಸಪ್ಪಳ ನಿಂತಾಗ, ಅವನು ಕತ್ತಲಲ್ಲಿ ನನ್ನ ಕೈ ಹಿಡಿದುಕೊಂಡ. ಅಗಸೆಯ ದೃಶ್ಯ ಬರುವವರೆಗೂ ಬಿಡಲಿಲ್ಲ. ಅಗಸೆಯ ದೃಶ್ಯ ಬಂದಾಗ ತಾನಾಗಿಯೇ ಬಿಟ್ಟು, ಸೀಟಿನಲ್ಲಿ ನೆಟ್ಟಗಾಗಿ ಕೂತ.

"ಆ ಮಾಸ್ತರ ನೋಡ, ಹೆಂಗ ಕಂಬ ನಿಂತಂಗ ನಿಂತಾನ" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಯಾರಿಗೋ ಹೇಳಿದಳು.

ಆಟ ಬಿಟ್ಟ ಮೇಲೆ ಹೊರಗೆ ಚಹಾದ ಅಂಗಡಿಯಲ್ಲಿ ನಿಂತಿದ್ದೆವು. ಅದೇ ಹೆಂಗಸು, ನನ್ನ ವಯಸ್ಸಿನ ಒಬ್ಬ ಮಗಳ ತೋಳು ಹಿಡಿದುಕೊಂಡು, ನಮ್ಮನ್ನು ನೋಡುತ್ತ ನೋಡುತ್ತ ಹತ್ತಿರ ಬಂದಳು. ಅಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು, ಮೀಸೆ ತೀಡಿ, ಮುಗುಳ್ನಗೆ ತಂದುಕೊಂಡ. ಅವಳು ಅವನನ್ನು ದಾಟಿ ದೊಡ್ಡಪ್ಪನ ಮುಂದೆ ನಿಂತು ಕೈ ಮುಗಿದಳು.

"ಮಾಸ್ತರ್ ಪಾರ್ಟ್ ಮಾಡಿದವರು ನೀವ ಅಲ್ರಿ? ನೋಡಿದ ಕೂಡಲೆ ಗುರ್ತ ಸಿಕ್ತು. ಈಕಿಗೆ ಒಂದೀಟು ಬುದ್ಧಿ ಹೇಳ್ರಿ ಯಪ್ಪಾ, ಗಣಿತದ ಮಾಸ್ತರಿಗೆ ಅಂಜಿ ಸಾಲಿಗೇ ಹೋಗವಲ್ಲಳು."

ದೊಡ್ಡಪ್ಪ ಚಹಾದ ಗ್ಲಾಸನ್ನು ನನ್ನ ಕೈಗೆ ಕೊಟ್ಟ. ಕೈ ಹಿಂದೆ ಕಟ್ಟಿ, ಆ ಹುಡುಗಿಯ ಕಡೆ ಸ್ವಲ್ಪ ಬಾಗಿ, ಏಳರ ಮಗ್ಗಿ ಕೇಳಿದ. ಅವಳು ಏಳಾರಲವರೆಗೆ ಹೇಳಿ ತಡವರಿಸಿದಳು.

"ಅಂಜೂದಿಲ್ಲ. ತಪ್ಪಿದ್ರೂ ದೊಡ್ಡ ದನಿಲೆ ತಪ್ಪು. ಮಾಸ್ತರ ಏನ ತಿಂದ ಬಿಡತಾನೇನು? ನಾಳಿಂದ ಹೋಗಬೇಕು. ಹೋಗತೀಯಿಲ್ಲ?"

ಹುಡುಗಿ ತಲೆಯಾಡಿಸಿದಳು. ತಾಯಿಗೆ ಎಷ್ಟು ಸಂತೋಷವಾಯಿತೆಂದರೆ ಮಾತು ಮುಂದುವರಿಸಿದಳು.

"ಮತ್ತ ಆ ಸಿಪಾಯಿ ಪಾರ್ಟ್ ಮಾಡಿದವ್ರು ಬಂದಿಲ್ಲೇನ್ರಿ? ಪಾಪ, ಅವರಿಗೆ ಬಸ್ಸು ಹತ್ತಿ ಇಳಿಯೂದು ತ್ರಾಸ ಆಗಿರಬೇಕು. ಸಿನಿಮಾದವ್ರು ಅಂಥವರನ್ನ ಎಲ್ಲಿಂದ ಹುಡಕ್ಯಾಡಿ ತಂದಾರೋ!"

ಅಪ್ಪ ಅವಳ ಪಕ್ಕದಲ್ಲೇ ಎರಡೂ ಕಾಲ ಮೇಲೆ ನಿಂತಿದ್ದ. ನಾನೇ ಅವನು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಏನು ಅಂದಳೆನ್ನುವುದು ಅವನಿಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡ. ಅಷ್ಟು ಹೊತ್ತು ಇಳಿಬಿದ್ದಿದ್ದ ಮುಖ ನಿಧಾನವಾಗಿ ಅರಳಿತು.

"ಹೌದವ್ವಾ" ಎಂದ ದೊಡ್ಡಪ್ಪ, ನಗದೆ. "ಅವಂಗ ನಡಿಯೂದು ಭಾಳ ತ್ರಾಸ. ಮನ್ಯಾಗ ಬಿಟ್ಟ ಬಂದೇವಿ."

"ನೀವು ಯಾವ ಊರಾಗ ಮಾಸ್ತರ್ರಿ?"

"ಬೈಲಹೊಂಗಲದಾಗ್ರಿ. ಗಣಿತಾನ ಕಲಸತೇನಿ."

ಸುಳ್ಳಾಡಿದವರನ್ನು ಮನೆಯ ಪಡಸಾಲೆಯಲ್ಲಿ ಅಟೆನ್ಶನ್ ನಿಲ್ಲಿಸುತ್ತಿದ್ದ ಮನುಷ್ಯ. ತಾಯಿಮಗಳು ಕೈಮುಗಿದು ಆ ಕಡೆ ಹೋದ ಮೇಲೆ ಅಪ್ಪ, ಅವ್ವ, ನಾನು ಮೂವರೂ ಅವನನ್ನೇ ನೋಡಿದೆವು.

"ಅಣ್ಣಾ, ಹಾಡಾಹಗಲಿ ಸುಳ್ಳು ಹೇಳಿದೆಲ್ಲೋ!" ಎಂದ ಅಪ್ಪ.

ದೊಡ್ಡಪ್ಪ ನನ್ನ ಕೈಯಿಂದ ಚಹಾದ ಗ್ಲಾಸು ತೆಗೆದುಕೊಂಡ.

"ಸುಳ್ಳಲ್ಲೋ ಹುಚ್ಚಪ್ಯಾಲಿ, ಆ್ಯಕ್ಟಿಂಗ್" ಎಂದು ಒಂದು ಗುಟುಕು ಕುಡಿದ. ನಗು ತಡೆಯಲಾಗದೆ, ಕುಡಿದ ಚಹಾ ಅಷ್ಟೂ ಮೀಸೆಯ ಮೇಲೆ ಬಂತು.